ಜೈಲಿನೊಳಗೆ ಮನಸ್ಸಿನ ಚಿಕಿತ್ಸೆ, ಯಾರ ದುಡ್ಡಿನಲ್ಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ಜೈಲಿನಲ್ಲಿರುವವರ ಮನೆಯವರು, ಹೊಸದಾಗಿ ಕ್ರಿಮಿನಲ್ ಕೇಸ್ ಹಿಡಿದ ವಕೀಲರು, ಕಾನೂನು ಸೇವಾ ಪ್ರಾಧಿಕಾರದ ಸ್ವಯಂಸೇವಕರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವು ಸಂದರ್ಶನದ ಕ್ಯೂನಲ್ಲಿ ಕೇಳಿಬಂದವು, ಕೆಲವು ಪತ್ರದಲ್ಲಿ ಬಂದವು. ಒಂದೆರಡು ಸಿಟ್ಟಿನಲ್ಲಿ ಕೇಳಿದವೂ ಇವೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ಉತ್ತರಗಳು ಕರ್ನಾಟಕದ ಜಿಲ್ಲಾ ಕಾರಾಗೃಹ ಮತ್ತು ತಾಲ್ಲೂಕು ಉಪ ಕಾರಾಗೃಹಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ನಿಮ್ಮವರು ಈಗ ಒಳಗಿದ್ದರೆ ನೇರವಾಗಿ ಎರಡನೇ ಭಾಗಕ್ಕೆ ಹೋಗಿ.

## ಮೊದಲು ತಿಳಿಯಬೇಕಾದ್ದು

ಜೈಲಿಗೆ ದುಡ್ಡು ಕೊಡೋದು ಕೇಂದ್ರನಾ, ರಾಜ್ಯನಾ?

ರಾಜ್ಯ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ರಾಜ್ಯಗಳ ಪಟ್ಟಿಯ 4ನೇ ಬಾಬ್ತು ಕಾರಾಗೃಹ. ನಮ್ಮಲ್ಲಿ 1963ರ ಕರ್ನಾಟಕ ಕಾರಾಗೃಹ ಕಾಯ್ದೆಯೂ ಇದೆ. ಹಾಗಾಗಿ ಸಿಬ್ಬಂದಿ ಸಂಬಳ, ಬಂದಿಗಳ ಊಟ, ಬಟ್ಟೆ, ಔಷಧಿ ಎಲ್ಲ ರಾಜ್ಯದ ಬೊಕ್ಕಸದಿಂದಲೇ ಬರಬೇಕು. ಆಸ್ಪತ್ರೆಗಳೂ ಅದೇ ಪಟ್ಟಿಯಲ್ಲಿ, 6ನೇ ಬಾಬ್ತಿನಲ್ಲಿವೆ.

ಕೇಂದ್ರ ಆಗಾಗ ಯೋಜನೆ ರೂಪದಲ್ಲಿ ಕೊಡುತ್ತದೆ. 2021ರಿಂದ 2026ರವರೆಗಿನ ಕಾರಾಗೃಹ ಆಧುನೀಕರಣ ಯೋಜನೆಗೆ 950 ಕೋಟಿ ರೂಪಾಯಿ ಇಟ್ಟಿತು. ಅದು ಇಡೀ ದೇಶಕ್ಕೆ, ಅದೂ ಭದ್ರತಾ ಉಪಕರಣ, ವಿಡಿಯೋ ಕಾನ್ಫರೆನ್ಸ್ ತರದ ವಸ್ತುಗಳಿಗೆ. ಮಾತ್ರೆಗೋ ಆಪ್ತಸಮಾಲೋಚಕರ ಸಂಬಳಕ್ಕೋ ಆ ದುಡ್ಡನ್ನು ನೆಚ್ಚಿಕೊಂಡು ಕೂರುವ ಹಾಗಿಲ್ಲ.

ಕಳ್ಳತನ ಮಾಡಿ ಒಳಗೆ ಹೋದವನಿಗೆ ನಮ್ಮ ತೆರಿಗೆ ದುಡ್ಡಲ್ಲಿ ಮನಸ್ಸಿನ ಡಾಕ್ಟರ್ ಯಾಕೆ?

ಮೊದಲನೆಯದಾಗಿ, ಮಾಡಿದ್ದಾನೆ ಅಂತ ಇನ್ನೂ ತೀರ್ಮಾನ ಆಗಿಲ್ಲದವರೇ ಒಳಗೆ ಜಾಸ್ತಿ. 2022ರ ಡಿಸೆಂಬರ್ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಕೊಟ್ಟ ಲೆಕ್ಕ ಇದು.

ಎರಡನೆಯದು, ಹೊರಗಿದ್ದರೆ ಅವನು ತಾನೇ ಬಸ್ ಹತ್ತಿ ಆಸ್ಪತ್ರೆಗೆ ಹೋಗುತ್ತಿದ್ದ. ಬಾಗಿಲು ಹಾಕಿದ್ದು ಸರ್ಕಾರ. ಹಾಗಾಗಿ ಡಾಕ್ಟರನ್ನು ತೋರಿಸುವ ಹೊಣೆಯೂ ಸರ್ಕಾರದ್ದೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಂ ಚಿಕಿತ್ಸೆಯ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ, ಜೈಲಿನಲ್ಲಿರುವವರನ್ನು ಹೊರಗಿಟ್ಟಿಲ್ಲ. ಇಷ್ಟು ಹೇಳಿದ ಮೇಲೂ ಸಿಟ್ಟು ಇಳಿಯದಿದ್ದರೆ ಇನ್ನೊಂದು ಮಾತು: ಇವರಲ್ಲಿ ಬಹುತೇಕರು ಒಂದಲ್ಲ ಒಂದು ದಿನ ನಮ್ಮ ಬೀದಿಗೇ ವಾಪಸ್ ಬರುತ್ತಾರೆ.

ನಿಜವಾಗ್ಲೂ ಎಷ್ಟು ಜನಕ್ಕೆ ತೊಂದರೆ ಇರುತ್ತೆ? ಸುಮ್ನೆ ಹೇಳ್ತಾರಾ?

ಈ ವಿಷಯದಲ್ಲಿ ದೇಶಕ್ಕೇ ಒಳ್ಳೆಯ ಲೆಕ್ಕ ಸಿಕ್ಕಿದ್ದು ನಮ್ಮ ಪರಪ್ಪನ ಅಗ್ರಹಾರದಿಂದ. ನಿಮ್ಹಾನ್ಸ್‌ನ ವೈದ್ಯರು ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿ 5,024 ಬಂದಿಗಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಕೊಟ್ಟರು. ಮಾನಸಿಕ ಕಾಯಿಲೆ ಅಥವಾ ಮಾದಕ ವಸ್ತುಗಳ ತೊಂದರೆ, ಎರಡರಲ್ಲಿ ಒಂದಾದರೂ ಇದ್ದವರು ಶೇ. 79.6. ಚಟವನ್ನು ಪಕ್ಕಕ್ಕಿಟ್ಟು ಮಾನಸಿಕ ಕಾಯಿಲೆ ಮಾತ್ರ ಲೆಕ್ಕ ಹಾಕಿದರೆ ಶೇ. 27.6.

ಎರಡೂ ಅಂಕಿಗಳನ್ನು ಒಟ್ಟಿಗೇ ಹೇಳಬೇಕು. ಮೊದಲನೆಯದನ್ನು ಮಾತ್ರ ಹೇಳಿದರೆ ಜೈಲೆಲ್ಲ ಹುಚ್ಚಾಸ್ಪತ್ರೆ ಅನ್ನಿಸಿಬಿಡುತ್ತದೆ. ಎರಡನೆಯದನ್ನು ಮಾತ್ರ ಹೇಳಿದರೆ ಕುಡಿತ, ಗಾಂಜಾ ಬಿಡುವಾಗಿನ ಸಂಕಟ ಮರೆತೇಹೋಗುತ್ತದೆ. ಒಳಗೆ ಹೋದ ಮೊದಲ ವಾರದಲ್ಲಿ ಜೀವಕ್ಕೆ ಅಪಾಯ ತರುವುದು ಎಷ್ಟೋ ಸಲ ಅದೇ.

ಕಾನೂನು ಏನು ಹೇಳುತ್ತೆ? ನಮಗೆ ಅರ್ಥ ಆಗೋ ಹಾಗೆ ಹೇಳಿ.

2017ರ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 103ನೇ ಕಲಂ ಪೂರ್ತಿ ಬಂದಿಗಳ ಬಗ್ಗೆಯೇ. ಪ್ರತಿ ರಾಜ್ಯವೂ ಕನಿಷ್ಠ ಒಂದು ಜೈಲಿನ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಆರೋಗ್ಯ ಕೇಂದ್ರ ತೆರೆಯಬೇಕು. ಅದು ನೋಂದಣಿ ಆಗಿರಬೇಕು, ನಿಯಮಗಳಲ್ಲಿ ಹೇಳಿದ ಗುಣಮಟ್ಟ ಅಲ್ಲಿರಬೇಕು. 2018ರ ನಿಯಮಗಳಲ್ಲಿ ಜೈಲಿಗೆ ಬೇಕಾದ ಕನಿಷ್ಠ ವ್ಯವಸ್ಥೆಯನ್ನೂ ಬರೆದಿದ್ದಾರೆ: ಒಳಗೆ ಬಂದಾಗಲೇ ಪ್ರತಿಯೊಬ್ಬರ ತಪಾಸಣೆ, ಅಗತ್ಯ ಔಷಧಿಗಳ ದಾಸ್ತಾನು, ಆಪ್ತಸಮಾಲೋಚನೆ.

ಇದೇ ಕಲಂನಲ್ಲಿ ಒಂದು ವಿಚಿತ್ರವೂ ಇದೆ. ಜೈಲಿನ ವೈದ್ಯಾಧಿಕಾರಿ ಮೂರು ತಿಂಗಳಿಗೊಮ್ಮೆ ಮಾನಸಿಕ ಆರೋಗ್ಯ ಪುನರ್‌ಪರಿಶೀಲನಾ ಮಂಡಳಿಗೆ ವರದಿ ಕಳಿಸಬೇಕು. ಏನಂತ? ಇಲ್ಲಿ ಮಾನಸಿಕ ಕಾಯಿಲೆ ಇರುವ ಬಂದಿ ಯಾರೂ ಇಲ್ಲ ಅಂತ ದೃಢೀಕರಿಸಿ. ಇದ್ದರೆ ಯಾಕೆ ಇಟ್ಟುಕೊಂಡಿದ್ದೀರಿ, ಯಾಕೆ ಕಳಿಸಿಲ್ಲ ಅಂತ ಮಂಡಳಿ ಕೇಳಬಹುದು. ಉದ್ದೇಶ ಒಳ್ಳೆಯದೇ, ಕಾಯಿಲೆಯವರನ್ನು ಸೆಲ್‌ನಲ್ಲಿ ಕೊಳೆಯಲು ಬಿಡಬಾರದು ಅಂತ. ಆದರೆ ಕಾಗದದ ಮೇಲೆ "ಯಾರೂ ಇಲ್ಲ" ಅಂತ ಬರೆದರೆ ಕೇಳುವವರಿಲ್ಲ, "12 ಜನ ಇದ್ದಾರೆ" ಅಂತ ಬರೆದರೆ ನೂರು ಪ್ರಶ್ನೆ. ಯಾರೂ ಇಲ್ಲ ಅಂತ ಬರೆದ ಜೈಲಿಗೆ ಮನೋವೈದ್ಯರ ಹುದ್ದೆ ಕೇಳುವುದಾದರೂ ಹೇಗೆ?

## ಮನೆಯವರು ಕೇಳುವುದು

ನಮ್ಮ ಹುಡುಗನ ಮಾತ್ರೆ ಗೇಟಿನಲ್ಲಿ ತಗೊಳ್ಳಲ್ಲ ಅಂದ್ರು ಸರ್. ಈಗ ಏನ್ ಮಾಡೋದು?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಸಾಮಾನ್ಯವಾಗಿ ನಡೆಯುವುದು ಹೀಗೆ. ರಾತ್ರಿ ಅರೆಸ್ಟ್ ಆಗುತ್ತದೆ, ಮಾತ್ರೆ ಮನೆಯಲ್ಲೇ ಉಳಿಯುತ್ತದೆ. ಎರಡು ಮೂರು ದಿನ ಬಿಟ್ಟು ಅಮ್ಮ ಪ್ಲಾಸ್ಟಿಕ್ ಕವರಿನಲ್ಲಿ ಮಾತ್ರೆ ಹಿಡಿದು ಬರುತ್ತಾರೆ. ಅರ್ಧ ಖಾಲಿಯಾದ ಸ್ಟ್ರಿಪ್. ಒಂದೊಂದೇ ಕತ್ತರಿಸಿ ಬಳಸಿ ಬಳಸಿ ಹೆಸರು, ಅವಧಿ ಇರುವ ತುದಿಯೇ ಹೋಗಿಬಿಟ್ಟಿರುತ್ತದೆ. ಕಾವಲಿನವರಿಗೆ ಅದು ನಿದ್ರೆ ಮಾತ್ರೆಯೋ, ಮತ್ತು ಬರಿಸುವ ಮಾತ್ರೆಯೋ ಗೊತ್ತಾಗುವುದಿಲ್ಲ. ವಾಪಸ್ ಕಳಿಸುತ್ತಾರೆ. ಅವರ ಮೇಲೆ ಪೂರ್ತಿ ತಪ್ಪು ಹೊರಿಸಲಾರೆ.

ಮಾಡಬೇಕಾದ್ದು: ಒಡೆಯದ ಪೂರ್ತಿ ಸ್ಟ್ರಿಪ್, ಡಾಕ್ಟರ್ ಚೀಟಿ, ಆಸ್ಪತ್ರೆಯ ಒಪಿಡಿ ಕಾರ್ಡ್‌ನ ಜೆರಾಕ್ಸ್ ತನ್ನಿ. ಗೇಟಿನಲ್ಲಿ ಕೊಟ್ಟು ಬರಬೇಡಿ, ಜೈಲಿನ ವೈದ್ಯಾಧಿಕಾರಿಯ ಹೆಸರಿಗೆ ಒಂದು ಅರ್ಜಿ ಬರೆದು ಜೊತೆಗೆ ಲಗತ್ತಿಸಿ, ಸ್ವೀಕೃತಿ ತಗೊಳ್ಳಿ. ಉಪ ಕಾರಾಗೃಹವಾದರೆ ಸಾಮಾನ್ಯವಾಗಿ ತಾಲ್ಲೂಕು ಸರ್ಕಾರಿ ಆಸ್ಪತ್ರೆಯ ವೈದ್ಯರೇ ಬಂದು ನೋಡುತ್ತಾರೆ, ಅವರಿಗೇ ತೋರಿಸಿ. ಮುಂದಿನ ರಿಮ್ಯಾಂಡ್ ದಿನ ವಕೀಲರ ಮೂಲಕ ಮ್ಯಾಜಿಸ್ಟ್ರೇಟರಿಗೂ ಅರ್ಜಿ ಹಾಕಿಸಿ. ಅವರು ಚಿಕಿತ್ಸೆ ಮುಂದುವರಿಸಿ ಅಂತ ಆದೇಶದಲ್ಲಿ ಬರೆದರೆ ಕೆಲಸ ಬೇಗ ಆಗುತ್ತದೆ.

ತಡ ಮಾಡಬೇಡಿ ಅನ್ನುವುದಕ್ಕೆ ಕಾರಣ ಇದೆ. ಕ್ಲೋಜಪೀನ್ ಅಂತ ಒಂದು ಮಾತ್ರೆ ಇದೆ, ಬೇರೆ ಔಷಧಿ ಹಿಡಿಸದ ಸ್ಕಿಜೋಫ್ರೇನಿಯಾಕ್ಕೆ ಕೊಡುವುದು. 48 ಗಂಟೆಗಿಂತ ಜಾಸ್ತಿ ತಪ್ಪಿದರೆ ಹಳೆಯ ಡೋಸನ್ನು ಹಾಗೇ ಕೊಡುವಂತಿಲ್ಲ, ಮತ್ತೆ 12.5 ಮಿಲಿಗ್ರಾಂನಿಂದ ಶುರು ಮಾಡಬೇಕು. ಹೊರಗೆ ಇಷ್ಟು ದಿನ ನಿಧಾನವಾಗಿ ಏರಿಸಿದ್ದೆಲ್ಲ ಎರಡೇ ದಿನದಲ್ಲಿ ಕೈತಪ್ಪುತ್ತದೆ. ಲಿಥಿಯಂ ತಗೊಳ್ಳುವವರಿಗೆ ಆಗಾಗ ರಕ್ತ ಪರೀಕ್ಷೆ ಬೇಕು. ಮಾತ್ರೆ ಅಗ್ಗ, ಆದರೆ ಲ್ಯಾಬ್ ಇಲ್ಲದ ಜೈಲಿನಲ್ಲಿ ಆ ಪರೀಕ್ಷೆಗೂ ಹೊರಗೇ ಹೋಗಬೇಕು.

ಕುಡಿಯೋ ಚಟ ಇತ್ತು. ಮೂರನೇ ದಿನಕ್ಕೆ ಏನೇನೋ ಮಾತಾಡ್ತಾನೆ, ಗೋಡೆ ಮೇಲೆ ಹುಳ ಇದೆ ಅಂತಾನಂತೆ. ನಾಟಕನಾ?

ನಾಟಕ ಇರಲಿಕ್ಕಿಲ್ಲ. ದಿನಾ ಜೋರಾಗಿ ಕುಡಿಯುವವರಿಗೆ ಒಮ್ಮೆಲೇ ನಿಂತರೆ ಎರಡು ಮೂರು ದಿನದಲ್ಲಿ ಕೈ ನಡುಕ, ಬೆವರು, ಫಿಟ್ಸ್, ಇಲ್ಲದ್ದು ಕಾಣುವುದು ಎಲ್ಲ ಬರಬಹುದು. ಹಾಗೇ ಬಿಟ್ಟರೆ ಪ್ರಾಣವೇ ಹೋಗಬಹುದು. ಚಿಕಿತ್ಸೆ ದೊಡ್ಡದೇನಲ್ಲ: ಡಯಾಜೆಪಾಮ್ ಜಾತಿಯ ಮಾತ್ರೆ ಅಥವಾ ಇಂಜೆಕ್ಷನ್, ಥಯಾಮಿನ್, ನೀರಿನಂಶ, ಹತ್ತಿರ ಒಬ್ಬರ ನಿಗಾ. ಇದೆಲ್ಲ ಯಾವ ತಾಲ್ಲೂಕು ಆಸ್ಪತ್ರೆಯಲ್ಲೂ ಸಿಗುವಂಥದ್ದು. ಒಳಗೆ ಹೋಗುವಾಗ ನಡೆಯುವ ತಪಾಸಣೆಯಲ್ಲಿ "ದಿನಾ ಎಷ್ಟು ಕುಡೀತೀಯ, ಕೊನೆಗೆ ಕುಡಿದಿದ್ದು ಯಾವಾಗ" ಅಂತ ಎರಡು ಪ್ರಶ್ನೆ ಕೇಳಿದ್ದರೆ ಮುಂಚೆಯೇ ಗೊತ್ತಾಗುತ್ತಿತ್ತು. ಮನೆಯವರು ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ. ಮೊದಲ ದಿನವೇ ಹೇಳಿ.

ಸಂದರ್ಶನದಲ್ಲಿ "ನಾನಿನ್ನು ಬದುಕಲ್ಲ ಅಕ್ಕ" ಅಂದ. ಯಾರಿಗೆ ಹೇಳಲಿ?

ಗೇಟು ಬಿಟ್ಟು ಹೊರಡುವ ಮೊದಲೇ ಹೇಳಿ. ಡ್ಯೂಟಿಯಲ್ಲಿರುವ ಜೈಲರ್ ಅಥವಾ ಅಧೀಕ್ಷಕರಿಗೆ ಬಾಯಲ್ಲೂ ಹೇಳಿ, ಒಂದು ಹಾಳೆಯಲ್ಲೂ ಬರೆದುಕೊಡಿ, ಸಮಯ ಹಾಕಿ. ಆಮೇಲೆ ಕಾನೂನು ಸೇವೆಯ 15100 ನಂಬರಿಗೆ ಫೋನ್ ಮಾಡಿ. 2022ರಲ್ಲಿ ದೇಶದ ಜೈಲುಗಳಲ್ಲಿ ಆದ 159 ಅಸಹಜ ಸಾವುಗಳಲ್ಲಿ 119 ಆತ್ಮಹತ್ಯೆಗಳು. ಹಾಗಾಗಿ ಯಾವ ಅಧಿಕಾರಿಯೂ ಇಂಥ ಮಾತನ್ನು ಹಗುರವಾಗಿ ತಗೊಳ್ಳುವಂತಿಲ್ಲ. ಪ್ರಯತ್ನ ಮಾಡಿ ಬದುಕಿದವರನ್ನು ಶಿಕ್ಷಿಸಬಾರದು, ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಿ ಆರೈಕೆ ಕೊಡಬೇಕು ಅಂತ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಹೇಳುತ್ತದೆ. ನಿಮಗೇ ತಡೆಯಲಾಗುತ್ತಿಲ್ಲ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಚಿಕಿತ್ಸೆಗೆ ನಾವೇ ಕಟ್ಟಬೇಕಾ?

ಬೇಡ. ಜೈಲಿನ ಒಳಗೂ, ಜೈಲಿನಿಂದ ಸರ್ಕಾರಿ ಆಸ್ಪತ್ರೆಗೆ ಕಳಿಸಿದಾಗಲೂ ಖರ್ಚು ಸರ್ಕಾರದ್ದು. ವಕೀಲರಿಗೂ ಕಟ್ಟಬೇಕಿಲ್ಲ. ಬಂಧನದಲ್ಲಿರುವ ಯಾರೇ ಆಗಲಿ, ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಉಚಿತ ವಕೀಲರು ಸಿಗುತ್ತಾರೆ.

ನಿಮ್ಹಾನ್ಸ್‌ಗೆ ಕಳಿಸಿ ಅಂತ ಡಾಕ್ಟರ್ ಬರೆದಾಯ್ತು. ತಿಂಗಳಾದ್ರೂ ಕಳಿಸಿಲ್ಲ. ಯಾಕೆ?

ನನ್ನ ಮಟ್ಟಿಗೆ ಈ ಪುಟದ ಮುಖ್ಯ ಪ್ರಶ್ನೆ ಇದೇ. ಬಂದಿಯನ್ನು ಹೊರಗೆ ಕರೆದೊಯ್ಯಲು ಪೊಲೀಸ್ ಎಸ್ಕಾರ್ಟ್ ಬೇಕು. ಜಿಲ್ಲೆಗಳಲ್ಲಿ ಡಿಎಆರ್‌ನವರು (ಜಿಲ್ಲಾ ಸಶಸ್ತ್ರ ಮೀಸಲು ಪೊಲೀಸರು), ದೊಡ್ಡ ನಗರಗಳಲ್ಲಿ ಸಿಎಆರ್‌ನವರು (ನಗರ ಸಶಸ್ತ್ರ ಮೀಸಲು ಪೊಲೀಸರು) ಕೊಡುತ್ತಾರೆ. ಜೈಲಿನಿಂದ ಪತ್ರ ಹೋಗುತ್ತದೆ. ಆ ದಿನ ಕೋರ್ಟ್ ಡ್ಯೂಟಿ ಇರುತ್ತದೆ, ಎಲ್ಲೋ ಜಾತ್ರೆ ಬಂದೋಬಸ್ತ್, ಯಾರೋ ಸಚಿವರ ಪ್ರವಾಸ. ಸಿಬ್ಬಂದಿ ಇಲ್ಲ ಅಂದರೆ ಅಪಾಯಿಂಟ್‌ಮೆಂಟ್ ತಪ್ಪಿತು, ಮತ್ತೆ ಹೊಸ ಪತ್ರ. ಎದೆನೋವು ಅಂದರೆ ಹೇಗೋ ಗಾಡಿ ಸಿಗುತ್ತದೆ. ಊಟ ಬಿಟ್ಟು ಗೋಡೆ ನೋಡಿಕೊಂಡು ಕೂತವನಿಗೆ ಸಿಗುವುದಿಲ್ಲ, ಅವನು ಯಾರಿಗೂ ತೊಂದರೆ ಕೊಡುವುದಿಲ್ಲವಲ್ಲ!

ಅಡ್ಮಿಟ್ ಮಾಡಿದರೆ ಇನ್ನೂ ಕಷ್ಟ. ವಾರ್ಡಿನಲ್ಲಿ ಹಗಲು ರಾತ್ರಿ ಪಾಳಿ ಮೇಲೆ ಕಾವಲು ಬೇಕು. ಒಬ್ಬ ರೋಗಿಗೆ ನಾಲ್ಕಾರು ಪೊಲೀಸರು ವಾರಗಟ್ಟಲೆ. ಇದನ್ನೆಲ್ಲ ಕೂಡಿಸಿ ನೋಡಿದರೆ, ಬಂದಿಯನ್ನು ಡಾಕ್ಟರ ಹತ್ತಿರ ಒಯ್ಯುವುದಕ್ಕಿಂತ ಡಾಕ್ಟರನ್ನು ಜೈಲಿಗೆ ಕರೆಸುವುದೇ ಸರ್ಕಾರಕ್ಕೆ ಅಗ್ಗ. ಆದರೆ ಇದನ್ನು ಒಂದೇ ಕಡೆ ಕೂಡಿಸಿ ನೋಡುವವರು ಯಾರೂ ಇಲ್ಲ. ಯಾಕೆ ಅನ್ನುವುದು ಮೂರನೇ ಭಾಗದಲ್ಲಿದೆ.

ನೀವು ಮಾಡಬಹುದಾದ್ದು ಇಷ್ಟು: ಡಾಕ್ಟರ್ ಬರೆದ ರೆಫರಲ್‌ನ ನಕಲು ಕೇಳಿ ಪಡೆಯಿರಿ. ಇಂಥ ತಾರೀಕಿನೊಳಗೆ ಎಸ್ಕಾರ್ಟ್ ಕೊಡಬೇಕು ಅಂತ ಕೋರ್ಟಿನಿಂದ ನಿರ್ದೇಶನ ಕೇಳಿ. ಆದೇಶದ ಪ್ರತಿ ಜೈಲಿಗೆ ಮಾತ್ರ ಹೋದರೆ ಸಾಲದು, ಎಸ್ಪಿ ಕಚೇರಿಗೂ ಹೋಗಬೇಕು.

ಹುಚ್ಚ ಅಂತ ಬರೆಸಿಬಿಟ್ರೆ ಕೇಸ್ ಖುಲಾಸೆ ಆಗುತ್ತಂತೆ, ಹೌದಾ?

ಹಾಗೆ ಯಾರಾದರೂ ಹೇಳಿದ್ದರೆ ಹುಷಾರು. ಇಲ್ಲಿ ಎರಡು ಬೇರೆ ಬೇರೆ ವಿಷಯ ಇವೆ. ಕೃತ್ಯ ನಡೆದ ಹೊತ್ತಿನಲ್ಲಿ ಮನಸ್ಸಿನ ಸ್ಥಿಮಿತ ಇರಲಿಲ್ಲ ಅನ್ನುವುದು ಒಂದು, ಅದು ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ. ಅದನ್ನು ಸಾಬೀತು ಮಾಡುವ ಹೊಣೆ ಆರೋಪಿಯದ್ದು, ಸುಲಭ ಇಲ್ಲ. ಈಗ ವಿಚಾರಣೆ ಎದುರಿಸುವ ಸ್ಥಿತಿಯಲ್ಲಿ ಇಲ್ಲ ಅನ್ನುವುದು ಇನ್ನೊಂದು, ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 367ರಿಂದ 378ರವರೆಗಿನ ಕಲಂಗಳು. ಎರಡನೆಯದರಲ್ಲಿ ಕೇಸ್ ಮುಂದಕ್ಕೆ ಹೋಗುತ್ತದೆ, ಮುಗಿಯುವುದಿಲ್ಲ.

ಮುಂದಕ್ಕೆ ಹೋದ ಕೇಸನ್ನು ಯಾರೂ ಹಿಂಬಾಲಿಸದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಅಸ್ಸಾಮಿನ ಮಚಾಂಗ್ ಲಾಲುಂಗ್ ಅವರ ಕಥೆ ಇದೆ. 1951ರಲ್ಲಿ ಬಂಧನವಾಯಿತು, ತೇಜಪುರದ ಮಾನಸಿಕ ಆಸ್ಪತ್ರೆಗೆ ಕಳಿಸಿದರು, ಹೊರಬಂದದ್ದು 2005ರಲ್ಲಿ. 54 ವರ್ಷ, ವಿಚಾರಣೆಯೇ ಇಲ್ಲದೆ. ಹಾಗಾಗಿ ಇಂಥ ಅರ್ಜಿ ಹಾಕಿದ ಮೇಲೆ ಪ್ರತಿ ತಾರೀಕಿಗೂ ವಕೀಲರ ಬೆನ್ನು ಹತ್ತಿ.

## ದುಡ್ಡಿನ ಲೆಕ್ಕ

ಬಜೆಟ್ ಪುಸ್ತಕದಲ್ಲಿ ಇದನ್ನ ಎಲ್ಲಿ ಹುಡುಕಲಿ? ನನಗೆ ಸಿಗ್ತಾನೇ ಇಲ್ಲ.

ಸಿಗದಿರುವುದೇ ಸಮಸ್ಯೆ. "ಜೈಲಿನಲ್ಲಿ ಮಾನಸಿಕ ಚಿಕಿತ್ಸೆ" ಅಂತ ಹುಡುಕಿದರೆ ಕೈಗೆ ಹತ್ತುವುದಿಲ್ಲ. ಕಾರಾಗೃಹದ ಖರ್ಚು ಲೆಕ್ಕ ಶೀರ್ಷಿಕೆ 2056ರಲ್ಲಿ, ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯ 2210ರಲ್ಲಿ, ಪೊಲೀಸ್ 2055ರಲ್ಲಿ. ಈಗ ಒಬ್ಬ ರೋಗಿಯನ್ನು ನೋಡಿ. ಅವನ ಊಟ, ಬ್ಯಾರಕ್ಕು 2056. ಅವನನ್ನು ನೋಡಬೇಕಾದ ಸರ್ಕಾರಿ ಮನೋವೈದ್ಯರ ಸಂಬಳ 2210. ಅವನನ್ನು ಕರೆದೊಯ್ಯಬೇಕಾದ ಡಿಎಆರ್ ಸಿಬ್ಬಂದಿ 2055.

ಇದರ ಪರಿಣಾಮ ದಿನದ ಕೆಲಸದಲ್ಲಿ ಕಾಣುತ್ತದೆ. ಆರೋಗ್ಯ ಇಲಾಖೆ ವಾರಕ್ಕೊಮ್ಮೆ ಮನೋವೈದ್ಯರನ್ನು ಜೈಲಿಗೆ ಕಳಿಸಿದರೆ ಉಳಿತಾಯ ಆಗುವುದು ಪೊಲೀಸ್ ಇಲಾಖೆಗೆ, ಎಸ್ಕಾರ್ಟ್ ತಪ್ಪುತ್ತದೆ. ಆದರೆ ಒಂದು ದಿನದ ಒಪಿಡಿ ಕಳೆದುಕೊಳ್ಳುವುದು ಆರೋಗ್ಯ ಇಲಾಖೆ. ಒಬ್ಬರ ಜೇಬಿನಿಂದ ಹೋಗಿ ಇನ್ನೊಬ್ಬರ ಜೇಬಿನಲ್ಲಿ ಉಳಿಯುವ ದುಡ್ಡಿಗೆ ಯಾರೂ ಮುಂದೆ ಬರುವುದಿಲ್ಲ. 2056ರ ಕೆಳಗೇ ಮಾನಸಿಕ ಚಿಕಿತ್ಸೆಗೆ ಒಂದು ಸ್ವಂತ ಉಪಶೀರ್ಷಿಕೆ ಬೇಕು, ಅದರಿಂದ ವೈದ್ಯರ ಭೇಟಿಗೆ, ಲ್ಯಾಬಿಗೆ, ಔಷಧಿಗೆ ಜೈಲೇ ಕೊಡುವಂತಾಗಬೇಕು ಅನ್ನುವುದು ನನ್ನ ಅಭಿಪ್ರಾಯ.

ಡಿಎಂಎಚ್‌ಪಿ ಇದೆಯಲ್ಲ, ಅದರ ದುಡ್ಡು ಜೈಲಿಗೆ ಬರಲ್ವಾ?

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದೇ ನಮ್ಮಲ್ಲಿ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ್ದನ್ನೇ 1996ರಿಂದ ದೇಶಕ್ಕೆಲ್ಲ ಹರಡಿದರು. ಈಗ ಅದು ರಾಷ್ಟ್ರೀಯ ಆರೋಗ್ಯ ಅಭಿಯಾನದ ಭಾಗ, ಕೇಂದ್ರ 60, ರಾಜ್ಯ 40ರ ಪಾಲು. ಜಿಲ್ಲಾ ತಂಡದಲ್ಲಿ ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ನರ್ಸ್ ಇರಬೇಕು. ಜೈಲಿಗೆ ಈ ತಂಡ ಹೋಗಬಹುದು, ಕೆಲವು ಕಡೆ ಹೋಗುತ್ತದೆ ಕೂಡ.

ಆದರೆ ಇದೇ ತಂಡ ಜಿಲ್ಲಾಸ್ಪತ್ರೆ ಒಪಿಡಿ ನೋಡಬೇಕು, ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕುಗಳಿಗೆ ಹೋಗಬೇಕು, ಶಾಲೆ ಕಾಲೇಜುಗಳಲ್ಲಿ ಅರಿವು ಮೂಡಿಸಬೇಕು. ಹೀಗಾಗಿ ಜೈಲಿನ ಸರದಿ ಕೊನೆಗೆ ಬರುತ್ತದೆ. ಮನೋವೈದ್ಯರಿಗೆ ವರ್ಗ ಆದರೆ ಅದೂ ನಿಲ್ಲುತ್ತದೆ. ಭೇಟಿಯ ದಿನವನ್ನು ಕಚೇರಿ ಆದೇಶದಲ್ಲೇ ಬರೆಸಿಕೊಳ್ಳುವುದು ಒಂದು ಉಪಾಯ.

ಪ್ರತಿ ಜೈಲಿಗೂ ಒಬ್ಬ ಮನೋವೈದ್ಯರನ್ನ ಕೊಟ್ರೆ ಮುಗೀತಲ್ಲ?

ಕೊಡಲು ಜನ ಎಲ್ಲಿದ್ದಾರೆ? 500 ಬಂದಿಗಳಿಗೆ ಒಬ್ಬ ಮನಶ್ಶಾಸ್ತ್ರಜ್ಞರು ಇರಬೇಕು ಅಂತ 2016ರ ಮಾದರಿ ಕಾರಾಗೃಹ ಕೈಪಿಡಿ ಹೇಳುತ್ತದೆ. 2022ರ ಕೊನೆಗೆ ಇಡೀ ದೇಶದ ಜೈಲುಗಳಲ್ಲಿ ಕೆಲಸದಲ್ಲಿದ್ದ ಮನಶ್ಶಾಸ್ತ್ರಜ್ಞರು ಮತ್ತು ಮನೋವೈದ್ಯರು ಸೇರಿ 25 ಜನ. ಮಂಜೂರಾದ ಹುದ್ದೆಗಳೇ 69.

ಹುದ್ದೆ ಇದ್ದರೂ ಮೂವತ್ತು ನಲವತ್ತು ಜನರಿರುವ ತಾಲ್ಲೂಕು ಉಪ ಕಾರಾಗೃಹಕ್ಕೆ ಪೂರ್ಣಾವಧಿ ಮನೋವೈದ್ಯರು ಬೇಕಿಲ್ಲ. ಅಲ್ಲಿಗೆ ಬೇಕಿರುವುದು ಬಂದವರನ್ನೆಲ್ಲ ಮೊದಲ ದಿನವೇ ವಿಚಾರಿಸುವ ತರಬೇತಾದ ಒಬ್ಬ ನರ್ಸ್, ಬೀಗ ಹಾಕಿದ ಒಂದು ಔಷಧಿ ಕಪಾಟು, ಮತ್ತು ಹದಿನೈದು ದಿನಕ್ಕೊಮ್ಮೆ ತಪ್ಪದೆ ಬರುವ ವೈದ್ಯರು. ಕೇಂದ್ರ ಕಾರಾಗೃಹಗಳ ಮಾತು ಬೇರೆ. ಅಲ್ಲಿ ಪೂರ್ಣಾವಧಿ ತಂಡವೇ ಬೇಕು.

ವಿಡಿಯೋ ಕಾಲ್‌ನಲ್ಲಿ ಡಾಕ್ಟರ್ ನೋಡಿದ್ರೆ ಸಾಕಲ್ವಾ? ಕೋರ್ಟೇ ವಿಡಿಯೋದಲ್ಲಿ ನಡೆಯುತ್ತೆ.

ಮುಂದುವರಿದ ಚಿಕಿತ್ಸೆಗೆ ಸಾಕು, ಎಸ್ಕಾರ್ಟ್ ಗೋಳೂ ತಪ್ಪುತ್ತದೆ. ಮೊದಲ ಪರೀಕ್ಷೆಗೆ, ಕೈ ಮೀರಿದ ಸ್ಥಿತಿಗೆ ಸಾಲದು. ಇನ್ನೊಂದು ತೊಡಕು: ಕ್ಯಾಮೆರಾ ಮುಂದೆ ಕೂತವನ ಹಿಂದೆ ವಾರ್ಡರ್ ನಿಂತಿದ್ದರೆ, ತನ್ನನ್ನು ಹೊಡೆಯುತ್ತಾರೆ ಅಂತಲೋ ಒಳಗೆ ಗಾಂಜಾ ಸಿಗುತ್ತದೆ ಅಂತಲೋ ಅವನು ಬಾಯಿ ಬಿಡುತ್ತಾನಾ?

ನಾನು ಕ್ಯಾಲಿಫೋರ್ನಿಯಾದಲ್ಲಿದ್ದೀನಿ. ಇಲ್ಲಿ ಇದೆಲ್ಲ ಸರಿಯಾಗಿದೆ ಅಲ್ವಾ?

ಕಾಯ್ದೆ ಬೇರೆ, ಜಗಳ ಅದೇ. ಅಲ್ಲಿ ಸ್ಥಳೀಯ ಜೈಲು ಕೌಂಟಿಯದ್ದು, ಖರ್ಚೂ ಹೆಚ್ಚಾಗಿ ಕೌಂಟಿಯದ್ದೇ. ಗಂಭೀರ ಕಾಯಿಲೆಯನ್ನು ಬೇಕಂತಲೇ ಕಡೆಗಣಿಸುವುದು ಸಂವಿಧಾನಕ್ಕೆ ವಿರುದ್ಧ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1976ರಲ್ಲೇ ಹೇಳಿತು. ಆದರೆ ಬಡವರ ಆರೋಗ್ಯ ವಿಮೆಯಾದ ಮೆಡಿಕೈಡ್ 1965ರಲ್ಲಿ ಶುರುವಾದಾಗಿನಿಂದ ಜೈಲಿನೊಳಗಿನವರ ಖರ್ಚು ಕೊಡುತ್ತಿರಲಿಲ್ಲ, ಹೊರಗಿನ ಆಸ್ಪತ್ರೆಗೆ ದಾಖಲಾದರೆ ಮಾತ್ರ ಕೊಡುತ್ತಿತ್ತು. 2023ರ ಜನವರಿಯಲ್ಲಿ ನಿಮ್ಮ ಕ್ಯಾಲಿಫೋರ್ನಿಯಾಕ್ಕೇ ಮೊದಲು ವಿನಾಯಿತಿ ಸಿಕ್ಕಿತು: ಬಿಡುಗಡೆಗೆ ಮುಂಚಿನ 90 ದಿನಗಳ ಕೆಲವು ಚಿಕಿತ್ಸೆಗಳಿಗೆ ಆ ದುಡ್ಡು ಬಳಸಬಹುದು. ಬಿಡುಗಡೆಯ ಆಸುಪಾಸಿನ ದಿನಗಳಿಗೆ ದುಡ್ಡು ಇಡುವ ಯೋಚನೆ ನಮ್ಮವರೂ ಕಲಿಯಬೇಕಾದ್ದು. ಇಲ್ಲಿ ಜಾಮೀನು ಸಿಕ್ಕ ಸಂಜೆ ಕೈಯಲ್ಲಿ ಒಂದು ಮಾತ್ರೆಯೂ ಇಲ್ಲದೆ ಗೇಟಿನ ಹೊರಗೆ ನಿಲ್ಲುವವರೇ ಜಾಸ್ತಿ.

## ಇನ್ನೂ ಆಳಕ್ಕೆ ಹೋಗುವವರಿಗೆ

ಕೋರ್ಟ್ ಹೇಳಿದ್ರೆ ದುಡ್ಡು ಬರುತ್ತಾ?

ಸ್ವಲ್ಪ ಬರುತ್ತದೆ, ತಡವಾಗಿ ಬರುತ್ತದೆ. ಅಪರಾಧವನ್ನೇ ಮಾಡದ ಮಾನಸಿಕ ರೋಗಿಗಳನ್ನು ಜೈಲಿನಲ್ಲಿಡುವ ಪದ್ಧತಿ ಪಶ್ಚಿಮ ಬಂಗಾಳದಲ್ಲಿತ್ತು. ಶೀಲಾ ಬರ್ಸೆ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1993ರಲ್ಲಿ ಅದು ಕಾನೂನುಬಾಹಿರ ಅಂದಿತು. ಬೆಂಗಳೂರು ಕೇಂದ್ರ ಕಾರಾಗೃಹದ ಬಂದಿ ರಾಮಮೂರ್ತಿ ಮುಖ್ಯ ನ್ಯಾಯಮೂರ್ತಿಗಳಿಗೆ ಬರೆದ ಪತ್ರವೇ ಒಂದು ಕೇಸಾಯಿತು. 1996ರ ಡಿಸೆಂಬರಿನಲ್ಲಿ ಬಂದ ತೀರ್ಪು ದೇಶದ ಜೈಲುಗಳ ಒಂಬತ್ತು ಸಮಸ್ಯೆಗಳನ್ನು ಪಟ್ಟಿ ಮಾಡಿತು. ಆರೋಗ್ಯದ ಕಡೆಗಣನೆ ಅದರಲ್ಲೊಂದು. 2017ರ ಸೆಪ್ಟೆಂಬರಿನಲ್ಲಿ, 1,382 ಜೈಲುಗಳ ಅಮಾನವೀಯ ಸ್ಥಿತಿ ಕುರಿತು ಸುಪ್ರೀಂ ಕೋರ್ಟ್ ನಡೆಸಿದ ಕೇಸಿನಲ್ಲಿ, ಮೊದಲ ಸಲ ಒಳಗೆ ಬಂದವರಿಗಾಗಿ ಮುಖ್ಯವಾಗಿ ಆಪ್ತಸಮಾಲೋಚಕರನ್ನು ನೇಮಿಸಿ ಅಂತ ರಾಜ್ಯಗಳಿಗೆ ನಿರ್ದೇಶನ ಹೋಯಿತು.

ಕೋರ್ಟ್ ಹುದ್ದೆ ಸೃಷ್ಟಿಸಿ ಅನ್ನಬಹುದು. ಆ ಹುದ್ದೆಗೆ ಗುತ್ತಿಗೆ ಸಂಬಳ ಎಷ್ಟು, ಬಿಟ್ಟುಹೋದವರ ಜಾಗ ಎಷ್ಟು ದಿನದಲ್ಲಿ ತುಂಬಬೇಕು ಅನ್ನುವುದು ಆರ್ಥಿಕ ಇಲಾಖೆಯ ಕಡತದಲ್ಲಿ ತೀರ್ಮಾನವಾಗುತ್ತದೆ. ಹಾಗಾಗಿ ತೀರ್ಪು ಹಿಡಿದುಕೊಂಡು ಕೂರದೆ ಕಡತದ ಬೆನ್ನು ಹತ್ತಬೇಕು.

ನಮ್ಮ ಜಿಲ್ಲೆ ಜೈಲಿಗೆ ದುಡ್ಡು ಹೋಗಿದೆಯೋ ಇಲ್ವೋ ನಾನು ಹೇಗೆ ತಿಳ್ಕೊಳ್ಳಲಿ?

ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ ಇದೆ. ಅದಕ್ಕೆ ಉದ್ದ ಪೀಠಿಕೆ ಬರೆಯಬೇಡಿ.

ಜೈಲು ಅಧೀಕ್ಷಕರಿಗೆ ಹಾಕುವ ಅರ್ಜಿಯಲ್ಲಿ ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ಔಷಧಿಗೆ ಬಂದ ಅನುದಾನ ಮತ್ತು ಆದ ಖರ್ಚು, ಮನೋವೈದ್ಯರು ಭೇಟಿ ಕೊಟ್ಟ ದಿನಾಂಕಗಳು, ಪುನರ್‌ಪರಿಶೀಲನಾ ಮಂಡಳಿಗೆ ಕಳಿಸಿದ ತ್ರೈಮಾಸಿಕ ವರದಿಗಳ ನಕಲು ಕೇಳಿ. ಜಿಲ್ಲಾ ಆರೋಗ್ಯಾಧಿಕಾರಿಗೆ ಡಿಎಂಎಚ್‌ಪಿ ತಂಡದಲ್ಲಿ ಮಂಜೂರಾದ ಹುದ್ದೆ ಎಷ್ಟು, ಭರ್ತಿ ಎಷ್ಟು ಅಂತ ಕೇಳಿ. ಎಸ್ಪಿ ಕಚೇರಿಗೆ, ಆಸ್ಪತ್ರೆಗೆ ಎಸ್ಕಾರ್ಟ್ ಕೋರಿ ಜೈಲಿನಿಂದ ಬಂದ ಪತ್ರಗಳೆಷ್ಟು, ಕೊಟ್ಟಿದ್ದು ಎಷ್ಟು ಸಲ ಅಂತ ಕೇಳಿ. ರೋಗಿಗಳ ಹೆಸರು ಕೇಳಬೇಡಿ, ಅದು ಕೊಡುವಂಥದ್ದೂ ಅಲ್ಲ. ಮೂರೂ ಉತ್ತರ ಬಂದ ಮೇಲೆ ತಾರೀಕುಗಳನ್ನು ಪಕ್ಕಪಕ್ಕ ಇಟ್ಟು ಹೊಂದಿಸಿ ನೋಡಿ. ಯಾರದೋ ಜೀವಕ್ಕೆ ಈಗಲೇ ಅಪಾಯ ಇದ್ದರೆ ಅರ್ಜಿಯ ಮೇಲೇ ಹಾಗಂತ ಬರೆಯಿರಿ. ಆಗ ಮಾಹಿತಿ ಹಕ್ಕು ಕಾಯ್ದೆಯ 7ನೇ ಕಲಂ ಪ್ರಕಾರ 48 ಗಂಟೆಯೊಳಗೆ ಉತ್ತರ ಕೊಡಬೇಕು.